ಕೊಯ್ಲಿನ ಕಾಲದ ನಾಯಿಮರಿ: ಅದರ ನಿದ್ದೆ, ಅದರ ಒಂಟಿತನ

ಸೊಸೈಟಿಯ ಕಛೇರಿಗೆ ಬರುವ ಸದಸ್ಯರು ಗೊಬ್ಬರದ ಬಿಲ್ಲು, ಸಾಲದ ಕಂತು, ಅಡಿಕೆ ಧಾರಣೆ ಇವನ್ನೆಲ್ಲ ಮಾತಾಡಿ ಮುಗಿಸಿ, ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳೇ ಬೇರೆ. ಇತ್ತೀಚೆಗೆ ಆ ಬಾಗಿಲ ಪ್ರಶ್ನೆಗಳಲ್ಲಿ ಪದೇ ಪದೇ ಬರುತ್ತಿರುವುದು ನಾಯಿಮರಿಯ ವಿಚಾರ. "ಹೊಸ ಮರಿ ತಂದಿದ್ದೇವೆ ಮಾರಾಯರೇ, ರಾತ್ರಿಯಿಡೀ ಕೂಗುತ್ತದೆ, ಅದಕ್ಕೂ ನಿದ್ದೆಯಿಲ್ಲ, ನಮಗೂ ಇಲ್ಲ" ಎನ್ನುವವರು ಕೆಲವರು. "ಮನೆಯಲ್ಲಿ ಜನ ಇದ್ದಾಗ ಚಿನ್ನದಂಥ ಮರಿ, ಬಾಗಿಲು ಹಾಕಿ ಹೊರಟೆವೋ ಊರಿಗೇ ಕೇಳುವಂತೆ ಊಳಿಡುತ್ತದೆ, ಚಪ್ಪಲಿ, ಚಾಪೆ ಒಂದೂ ಉಳಿದಿಲ್ಲ" ಎನ್ನುವವರು ಮತ್ತೆ ಕೆಲವರು. ಇಬ್ಬರ ದೂರಿನ ಬೇರೂ ಒಂದೇ ಎಂಬುದು ನಮ್ಮ ಅಭಿಪ್ರಾಯ. ಆದ ಕಾರಣ ಬಾಗಿಲಲ್ಲಿ ನಿಂತು ಅರ್ಧಂಬರ್ಧ ಹೇಳುವುದಕ್ಕಿಂತ ಇಲ್ಲಿ ಕೂತು ಬರೆಯುವುದು ಲೇಸೆಂದು ತೋರಿತು.

ಕಾಯಿಕೊರಕ, ಎಲೆಚುಕ್ಕಿ ರೋಗ, ಆಳುಗಳ ಅಭಾವ ಇಷ್ಟೆಲ್ಲ ತಲೆಯ ಮೇಲಿರುವಾಗ ನಾಯಿಮರಿಯ ನಿದ್ದೆಗೆ ಪತ್ರಿಕೆಯ ಪುಟ ಏಕೆ ಎಂದು ಕೆಲವರಾದರೂ ಕೇಳಬಹುದು. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಒಂದೆರಡು ಫರ್ಲಾಂಗು ದೂರ. ಕಣದಲ್ಲಿ ಹರಡಿದ ಕಾಫಿ ಹಣ್ಣು ಒಣಗುವವರೆಗೆ ಎರಡು ವಾರದ ಹತ್ತಿರ ಅಲ್ಲೇ ಬಿದ್ದಿರುತ್ತದೆ. ಬೇಯಿಸಿದ ಅಡಿಕೆಯೂ ಹಾಗೆಯೇ. ನಾಯಿ ನಮಗೆ ಷೋಕಿಯ ವಸ್ತುವಲ್ಲ. ಹಾಗೆಂದು ಬರೀ ಕಾವಲಿನ ಮಾತೂ ಅಲ್ಲ. ನಮ್ಮ ಸದಸ್ಯರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೆಸರು ಹೆಸರಾಗಿ ನೋಡುತ್ತ ಹೋದರೆ, ಗಂಡ ಹೆಂಡತಿ ಇಬ್ಬರೇ ಉಳಿದಿರುವ ಮನೆಗಳು ಎಷ್ಟೆಂಬುದು ಎದೆಗೆ ನಾಟುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಸಮುದ್ರದಾಚೆ. "ನಿಮಗೆ ಜೊತೆಗಿರಲಿ" ಎಂದು ರಜೆಗೆ ಬಂದ ಮಕ್ಕಳೇ ಒಂದು ಮರಿ ತಂದು ಬಿಟ್ಟು ಹೋಗುತ್ತಾರೆ. ಅದರ ಕಾಟ ತಡೆಯಲಾರದೆ ಎರಡು ತಿಂಗಳಲ್ಲಿ ಅದನ್ನು ಯಾರಿಗೋ ದಾಟಿಸುವುದು, ಪೇಟೆಯ ಸಂತೆಮಾಳದಲ್ಲಿ ಇಳಿಸಿ ಬರುವುದು, ಅಥವಾ ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟಿಹಾಕುವುದು ನಡೆದೇ ಇದೆ. ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಒಯ್ದ ಸುದ್ದಿ ಕೇಳದ ಊರು ನಮ್ಮಲ್ಲಿ ಇರಲಾರದು.

ಮೊದಲು ಮರಿ ಬರುವ ಕಾಲವನ್ನು ನೋಡೋಣ. ಪೇಟೆಯಿಂದ ಹಣ ಕೊಟ್ಟು ತರುವ ಜಾತಿನಾಯಿಯ ಮಾತು ಬೇರೆ. ನಮ್ಮ ನಾಡನಾಯಿಗಳು ಬಹುಮಟ್ಟಿಗೆ ಮಳೆಗಾಲದ ಕೊನೆಗೆ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಎಲ್ಲೆಲ್ಲೂ ಮರಿಗಳೇ. ಇದು ಸರಿಯಾಗಿ ನಮ್ಮ ಕೊಯ್ಲಿನ ಕಾಲ. ಮರಿ ಮನೆಗೆ ಬರುವಾಗ ಅಂಗಳದ ತುಂಬ ಜನ. ಬೆಳಗ್ಗೆ ಹಣ್ಣು ಕೊಯ್ಯುವವರು, ಸಂಜೆ ತೂಕದವರು, ಪಲ್ಪರಿನ ಸದ್ದು, ಅಡಿಕೆ ಬೇಯಿಸುವ ಒಲೆಯ ಉರಿ, ಸುಲಿತದವರ ಮಾತು. ಈಗ ಸುಲಿಯುವ ಯಂತ್ರ ಬಂದಿದೆಯೆಂದರೂ ಕೆಲವು ಮನೆಗಳಲ್ಲಿ ಇಂದಿಗೂ ರಾತ್ರಿ ಹತ್ತರವರೆಗೆ ದೀಪ ಉರಿಯುತ್ತಲೇ ಇರುತ್ತದೆ. ಮರಿ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತ, ಒಲೆಯ ಬೂದಿಯ ಬಿಸಿಯಲ್ಲಿ ಮಲಗುತ್ತ ಎರಡು ತಿಂಗಳು ಸುಖವಾಗಿ ಬೆಳೆಯುತ್ತದೆ. ಒಂದು ನಿಮಿಷವೂ ಅದು ಒಂಟಿಯಾಗಿರುವುದಿಲ್ಲ.

ಅನಂತರ ಫೆಬ್ರವರಿ ಮುಗಿಯುತ್ತದೆ. ಆಳುಗಳು ತಮ್ಮ ತಮ್ಮ ಊರಿಗೆ ಹೋಗುತ್ತಾರೆ, ಒಲೆ ಆರುತ್ತದೆ, ಕಣ ಬರಿದಾಗುತ್ತದೆ. ಕೊಯ್ಲಿಗೆಂದು ಮುಂದೂಡಿದ ಕೆಲಸಗಳೆಲ್ಲ ಆಗ ಎದ್ದು ಕೂರುತ್ತವೆ: ಮದುವೆ, ಉಪನಯನ, ಗೃಹಪ್ರವೇಶ, ಆಸ್ಪತ್ರೆ, ಬೆಂಗಳೂರಿನ ಮಗಳ ಮನೆ. ಒಂದು ಬೆಳಗ್ಗೆ ಯಜಮಾನರೂ ಅಮ್ಮನವರೂ ಬಾಗಿಲು ಹಾಕಿ ಜೀಪು ಹತ್ತುತ್ತಾರೆ. ಮರಿಯ ಜೀವಮಾನದಲ್ಲಿ ಅದು ಒಂಟಿಯಾದ ಮೊದಲ ದಿನ. ಅದೂ ಅರ್ಧ ಗಂಟೆಗಲ್ಲ, ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ. ಅದು ಊಳಿಟ್ಟರೆ ಆಶ್ಚರ್ಯವೇನು?

ಹಿಂದಿನ ಕಾಲದಲ್ಲಿ ಈ ತೊಂದರೆ ಇರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಇರಲಿಲ್ಲ, ಕಾರಣ ಸರಳವಾದದ್ದು. ಇಪ್ಪತ್ತು ಜನರಿದ್ದ ಕೂಡುಮನೆಯ ಬಾಗಿಲಿಗೆ ಬೀಗವೇ ಬೀಳುತ್ತಿರಲಿಲ್ಲ. ಅಜ್ಜಿಯೊಬ್ಬರು ಜಗಲಿಯಲ್ಲಿ ಇದ್ದೇ ಇರುತ್ತಿದ್ದರು. ನಾಯಿಗೆ ಒಂಟಿತನ ಕಲಿಸಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ. ನಮ್ಮ ಮನೆಗಳು ಬದಲಾದವು. ನಾಯಿಯ ಸ್ವಭಾವ ಬದಲಾಗಿಲ್ಲ.

ನಿದ್ದೆಯ ಲೆಕ್ಕ

ಒಂಟಿತನದ ಪಾಠಕ್ಕೆ ಮುಂಚೆ ನಿದ್ದೆಯ ವಿಷಯ ತಿಳಿಯಬೇಕು. ನಿದ್ದೆಗೆಟ್ಟ ಮರಿಗೆ ಏನನ್ನೂ ಕಲಿಸಲಾಗದು.

ಎರಡು ತಿಂಗಳ ಮರಿಗೆ ದಿನದ 24 ಗಂಟೆಗಳಲ್ಲಿ 18ರಿಂದ 20 ಗಂಟೆ ನಿದ್ದೆ ಬೇಕು. ನಂಬಲು ಕಷ್ಟವೆನಿಸಿದರೆ ನೀವೇ ಬರೆದಿಟ್ಟು ನೋಡಬಹುದು. ಲೆಕ್ಕ ಬರೆಯುವುದು ನಮ್ಮ ಕಸುಬಾದ್ದರಿಂದ ನಮ್ಮ ಮನೆಗೆ ಬಂದ ಮರಿಯ ನಿದ್ದೆಯನ್ನು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಟ್ಟೆವು. ಮನೆಯವರು ನಕ್ಕರು. ಮೊದಲ ವಾರದ ಸರಾಸರಿ 19 ಗಂಟೆಯ ಹತ್ತಿರ ಬಂತು. ಆದರೆ ಅದು ಒಂದೇ ಪಟ್ಟಿನ ನಿದ್ದೆಯಲ್ಲ, ಚೂರು ಚೂರು: ಮುಕ್ಕಾಲು ಗಂಟೆ ಮಲಗುವುದು, ಏಳುವುದು, ಒಂದಕ್ಕೆ ಹೋಗುವುದು, ತಿನ್ನುವುದು, ಸ್ವಲ್ಪ ಕುಣಿದಾಡುವುದು, ಮತ್ತೆ ಬಿದ್ದುಕೊಳ್ಳುವುದು. ರಾತ್ರಿ ಮಾತ್ರ ಮೂರು ನಾಲ್ಕು ಗಂಟೆಯ ತುಂಡುಗಳು.

ಕೊಯ್ಲಿನ ಗದ್ದಲದ ಮನೆಯಲ್ಲಿ ಈ ನಿದ್ದೆ ಸಿಗುವುದಿಲ್ಲ. ಬಂದವರೆಲ್ಲ ಮರಿಯನ್ನು ಎತ್ತಿಕೊಳ್ಳುವವರೇ. ಮಕ್ಕಳಿದ್ದರಂತೂ ಮಲಗಿದ ಮರಿಯನ್ನು ಎಬ್ಬಿಸಿ ಆಡಿಸುವುದೇ ಆಟ. ಸಂಜೆಯ ಹೊತ್ತಿಗೆ ಮರಿ ಹುಚ್ಚು ಹಿಡಿದಂತೆ ಅಂಗಳ ಸುತ್ತುತ್ತದೆ, ಸೀರೆಯ ಸೆರಗು, ಪಂಚೆಯ ಅಂಚು, ಕಾಲಿನ ಹಿಮ್ಮಡಿ ಸಿಕ್ಕಿದ್ದನ್ನು ಕಚ್ಚುತ್ತದೆ. "ಮರಿ ಬಹಳ ಜೋರು, ಒಳ್ಳೆ ಕಾವಲಿನ ನಾಯಿಯಾಗುತ್ತದೆ" ಎಂದು ನಾವು ಹೆಮ್ಮೆಪಡುತ್ತೇವೆ. ನಿದ್ದೆಗೆ ಹಟಮಾಡುವ ಮಗುವಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಬೈಯುವುದು ಬೇಡ, ಇನ್ನಷ್ಟು ಆಡಿಸಿ ದಣಿಸುವುದೂ ಬೇಡ. ಕತ್ತಲಿರುವ ಮೂಲೆಯಲ್ಲಿ ಬಿಟ್ಟು ಹತ್ತು ನಿಮಿಷ ಯಾರೂ ಮಾತಾಡಿಸದಿದ್ದರೆ ಮಲಗುತ್ತದೆ.

ಮಲಗಿದ ಮರಿಯ ಕಾಲು ಎಳೆಯುವುದು, ಮೀಸೆ ಅದುರುವುದು, ಸಣ್ಣಗೆ ಕುಂಯ್‌ಗುಡುವುದು, ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಓಡಾಡುವುದು ಇವೆಲ್ಲ ಸಹಜ. ಮನುಷ್ಯರು ಕನಸು ಕಾಣುವ ಹಂತದ ನಿದ್ದೆ ನಾಯಿಗೂ ಇದೆ, ಮರಿಗಳಲ್ಲಿ ಅದರ ಪಾಲು ಹೆಚ್ಚು. "ಸೆಳವು ಬಂತು" ಎಂದು ಗಾಬರಿಯಾಗಿ ನೀರು ಚಿಮುಕಿಸುವುದು ಬೇಕಿಲ್ಲ. ಹೆಸರು ಹಿಡಿದು ಕರೆದರೆ ಎಚ್ಚರವಾಗುವುದಾದರೆ ಅದು ಕನಸು. ಮೈ ಸೆಟೆದು, ಬಾಯಲ್ಲಿ ನೊರೆ ಬಂದು, ಕರೆದರೂ ತಿಳಿಯದಿದ್ದರೆ ಅದು ಸೆಳವು, ಪಶುವೈದ್ಯರಿಗೆ ತೋರಿಸತಕ್ಕದ್ದು. ಎಬ್ಬಿಸುವುದಿದ್ದರೆ ದನಿಯಿಂದ ಎಬ್ಬಿಸಿ, ಕೈಯಿಂದ ಬೇಡ. ಗಾಢ ನಿದ್ದೆಯಲ್ಲಿ ಮುಟ್ಟಿದರೆ ಎಂಥ ಸಾಧುನಾಯಿಯೂ ಬಾಯಿ ಹಾಕಬಹುದು. ಮನೆಯ ಮಕ್ಕಳಿಗೆ ಇದೊಂದನ್ನು ಹೇಳಿಕೊಡಿ.

ಮೊದಲ ರಾತ್ರಿಗಳು

ಮರಿಯನ್ನು ತಂದ ದಿನವೇ ಕೊಟ್ಟಿಗೆಯಲ್ಲಿ ಗೋಣಿ ಹಾಸಿ, ಬಾಗಿಲು ಹಾಕಿ ಬರುವುದು ನಮ್ಮ ಕಡೆಯ ರೂಢಿ. "ಅತ್ತು ಅತ್ತು ಸುಮ್ಮನಾಗುತ್ತದೆ ಬಿಡಿ" ಎನ್ನುತ್ತಾರೆ. ಸುಮ್ಮನಾಗುವುದು ನಿಜ, ದಣಿದು ಸುಮ್ಮನಾಗುತ್ತದೆಯೇ ಹೊರತು ಧೈರ್ಯ ಬಂದು ಅಲ್ಲ. ಹುಟ್ಟಿದ ಮೊದಲ ಎರಡು ವಾರ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಕಣ್ಣು ತೆರೆಯುವುದೇ ಹತ್ತು ಹದಿನಾಲ್ಕು ದಿನಕ್ಕೆ. ಆ ದಿನಗಳಿಂದಲೂ ಅದು ತಾಯಿಗೆ, ಒಡಹುಟ್ಟಿದವುಗಳಿಗೆ ಅಂಟಿ ರಾಶಿಯಾಗಿ ಮಲಗಿ ಬೆಳೆದಿರುತ್ತದೆ. ರಾಶಿಯಿಂದ ಬೇರೆಯಾದ ಮರಿ ಕೂಗುತ್ತದೆ, ತಾಯಿ ಹುಡುಕಿ ಬರುತ್ತಾಳೆ. ಕೊಟ್ಟಿಗೆಯ ಕೂಗೂ ಅದೇ ಕೂಗು, ಹಟವಲ್ಲ.

ಎಷ್ಟು ದಿನದ ಮರಿಯನ್ನು ತರಬೇಕೆಂಬುದೂ ಇಲ್ಲಿಯೇ ಬರುತ್ತದೆ. ಒಳ್ಳೆಯ ಗಂಡುಮರಿ ಬೇರೆಯವರ ಪಾಲಾದೀತೆಂದು, ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲೇ ಉಗುರು ಎಣಿಸಿ ಎತ್ತಿಕೊಂಡು ಬರುವವರಿದ್ದಾರೆ. ಇಟಲಿಯ ಪಶುವೈದ್ಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದ ಮೇಲೆಯೇ ಇದೆ. 30ರಿಂದ 40 ದಿನದೊಳಗೆ ತಾಯಿಯಿಂದ ಬೇರೆಯಾದ 70 ನಾಯಿಗಳನ್ನೂ, ಎರಡು ತಿಂಗಳಿಗೆ ಬೇರೆಯಾದ 70 ನಾಯಿಗಳನ್ನೂ ಅವರು ಹೋಲಿಸಿ ನೋಡಿದರು. ಬೇಗ ಬೇರೆಯಾದವುಗಳಲ್ಲಿ ಅತಿಯಾದ ಬೊಗಳುವಿಕೆ, ನಡೆದಾಡುವಾಗ ಅಂಜಿಕೆ, ವಸ್ತುಗಳನ್ನು ಹಾಳುಮಾಡುವ ಚಾಳಿ ಹೆಚ್ಚಾಗಿ ಕಂಡುಬಂತು. ಎಂಟು ವಾರ ಕಾಯುವುದು ಒಳ್ಳೆಯದು. ಹಾಗೆಂದು ಬಹಳ ತಡಮಾಡುವುದೂ ಸರಿಯಲ್ಲ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಗಳನ್ನು ಸಾಕಿ ನೋಡಿ 1965ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಮರಿ ಮನುಷ್ಯರನ್ನೂ ಸುತ್ತಲ ಲೋಕವನ್ನೂ ತನ್ನದೆಂದು ಒಪ್ಪಿಕೊಳ್ಳುವ ಮುಖ್ಯ ಕಾಲ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಎಂದು ಅವರು ಕಂಡುಕೊಂಡರು. ಎಂಟನೆಯ ವಾರಕ್ಕೆ ತಂದರೆ ನಮ್ಮ ಪಾಲಿಗೆ ಒಂದು ತಿಂಗಳು ಉಳಿಯುತ್ತದೆ.

ಮೊದಲ ಒಂದೆರಡು ವಾರ ಮರಿಯ ರಟ್ಟಿನ ಪೆಟ್ಟಿಗೆ ನಿಮ್ಮ ಮಂಚದ ಪಕ್ಕದಲ್ಲಿರಲಿ. ಮನೆಯೊಳಗೆ ನಾಯಿ ಬಿಡದ ಆಚಾರವಿದ್ದರೆ ಜಗಲಿಯ ಕೋಣೆಯಲ್ಲಿ ಯಾರಾದರೊಬ್ಬರು ಹಾಸಿಗೆ ಹಾಕಿಕೊಳ್ಳಿ. ರಾತ್ರಿ ಎದ್ದು ಕುಂಯ್‌ಗುಟ್ಟಿದರೆ ಕೈ ಇಳಿಬಿಟ್ಟು ಮೂಸಲು ಕೊಟ್ಟರೆ ಸಾಕು. ಇದರಿಂದ ಮರಿ ಕೆಡುವುದಿಲ್ಲ. ಪುಷ್ಯಮಾಸದ ಚಳಿಯಲ್ಲಿ ಬಿಸಿನೀರು ತುಂಬಿದ ಸೀಸೆಯೊಂದನ್ನು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ತಾಯಿಯ ಹೊಟ್ಟೆಯ ಬಿಸಿ ಸಿಕ್ಕಂತಾಗುತ್ತದೆ. ಕ್ವಾರ್ಟರ್ ಸೀಸೆ ಇದಕ್ಕೆ ಹೇಳಿ ಮಾಡಿಸಿದ ಅಳತೆ. ಅದು ಮನೆಗೆ ಎಲ್ಲಿಂದ ಬಂತೆಂದು ನಾವು ಕೇಳುವುದಿಲ್ಲ. ಹಾಸಲು ಕಾಫಿಯ ಸೆಣಬಿನ ಚೀಲ ಒಳ್ಳೆಯದು. ಗೊಬ್ಬರದ ಚೀಲ, ಮೈಲುತುತ್ತದ ಚೀಲ ಮಾತ್ರ ಬೇಡ. ಮರಿ ಹಾಸಿಗೆಯನ್ನು ಅಗಿಯದೆ ಬಿಡುವುದಿಲ್ಲ.

ರಾತ್ರಿ ಎಂಟರೊಳಗೆ ಕೊನೆಯ ಊಟ, ಮಲಗುವ ಮುನ್ನ ಹೊರಗೆ ಕರೆದೊಯ್ಯುವುದು. ಎರಡು ತಿಂಗಳ ಮರಿ ರಾತ್ರಿ ಒಂದು ಸಲವಾದರೂ ಒಂದಕ್ಕೆ ಏಳುತ್ತದೆ, ಎರಡು ಸಲವೂ ಆದೀತು. ಹೀಗೆ ಎದ್ದಾಗ ಬಾಗಿಲು ತೆಗೆದು ಮರಿಯನ್ನೊಂದೇ ಹೊರಗೆ ಬಿಡಬೇಡಿ. ಬ್ಯಾಟರಿ ಹಿಡಿದು ಜೊತೆಗೆ ಹೋಗಿ, ಮಾತಿಲ್ಲದೆ ಕೆಲಸ ಮುಗಿಸಿ, ಮಾತಿಲ್ಲದೆ ಕರೆತಂದು ಮಲಗಿಸಿ. ಅಪರಾತ್ರಿಯಲ್ಲಿ ಮುದ್ದು ಮಾತು, ಬಿಸ್ಕತ್ತು ಶುರುವಾದರೆ ಮರಿ ನಾಳೆ ಬಿಸ್ಕತ್ತಿಗೇ ಏಳುತ್ತದೆ. ನಾಲ್ಕು ತಿಂಗಳಾಗುವಾಗ ಬಹುತೇಕ ಮರಿಗಳು ರಾತ್ರಿ ಆರೇಳು ಗಂಟೆ ಒಂದೇ ಪಟ್ಟು ಮಲಗುತ್ತವೆ. ಪೆಟ್ಟಿಗೆಯನ್ನು ಎರಡು ದಿನಕ್ಕೆ ಒಂದು ಮೊಳದಂತೆ ದೂರ ಸರಿಸುತ್ತ ಹೋದರೆ ಅದು ಕಾಯಂ ಆಗಿ ಮಲಗಬೇಕಾದ ಜಾಗಕ್ಕೆ ತಾನಾಗಿಯೇ ತಲಪುತ್ತದೆ.

ಬಾಗಿಲು ಹಾಕುವ ಪಾಠ

ಒಂಟಿಯಾಗಿರುವುದನ್ನು ಮರಿಗೆ ಕಲಿಸಬೇಕಾದದ್ದು ನಾವು ಮನೆಯಲ್ಲಿರುವಾಗಲೇ, ಕೊಯ್ಲು ನಡೆಯುತ್ತಿರುವಾಗಲೇ. ಮದುವೆಯ ದಿನ ಬೆಳಗ್ಗೆ ಅಲ್ಲ.

ಮೊದಲು ಮರಿಗೊಂದು ಸ್ವಂತ ಜಾಗ ಗೊತ್ತುಮಾಡಿ. ಜಗಲಿಯ ಪಕ್ಕದ ಕೋಣೆಯೋ, ಕಟ್ಟಿಗೆಯ ಕೋಣೆಯ ಅರ್ಧವೋ, ಅಂತೂ ಬಾಗಿಲು ಹಾಕಬಹುದಾದ, ಗಾಳಿಯಾಡುವ, ಮಳೆ ಬಿಸಿಲು ಹೊಡೆಯದ ಜಾಗ. ಊಟ ಅಲ್ಲಿಯೇ ಹಾಕಿ, ಹಗಲಿನ ನಿದ್ದೆ ಅಲ್ಲಿಯೇ ಆಗಲಿ. ಬೈದು ಅಲ್ಲಿಗೆ ಅಟ್ಟುವುದು ಕೂಡದು. ಅದು ಶಿಕ್ಷೆಯ ಜಾಗವಾದರೆ ಮುಂದಿನದೆಲ್ಲ ಕೆಟ್ಟಿತು.

ಅನಂತರ ಮರಿ ಹೊಟ್ಟೆ ತುಂಬಿ, ಹೊರಗೆ ಹೋಗಿ ಬಂದು, ಸ್ವಲ್ಪ ಆಡಿ ನಿದ್ದೆಗೆ ತೂಗುವ ಹೊತ್ತು ನೋಡಿ ಬಾಗಿಲು ಎಳೆದುಕೊಳ್ಳಿ. ಮೊದಲ ದಿನ ಅರ್ಧ ನಿಮಿಷ. ಒಳಗೆ ಬನ್ನಿ, ಏನೂ ಆಗದವರಂತೆ ಇರಿ. ಮಾರನೆಯ ದಿನ ಒಂದು ನಿಮಿಷ, ಎರಡು ನಿಮಿಷ. ಐದು, ಹತ್ತು, ಹದಿನೈದಕ್ಕೆ ಹೋಗಲು ಒಂದು ವಾರ ಹತ್ತು ದಿನ ಹಿಡಿಯುತ್ತದೆ. ನಮ್ಮ ಹಾಜರಿ ಪುಸ್ತಕದ ಪ್ರಕಾರ ಅರ್ಧ ಗಂಟೆ ತಲಪಲು 16 ದಿನ ಹಿಡಿಯಿತು. ಅರ್ಧ ಗಂಟೆಯಿಂದ ಎರಡು ಗಂಟೆಗೆ ಹೋಗಲು ಬರೀ ಆರು ದಿನ. ಇದರಲ್ಲಿ ವಿಚಿತ್ರವೇನೂ ಇಲ್ಲ. ಒಂಟಿತನದ ಕಳವಳ ಹೆಚ್ಚಿರುವುದು ಮನೆಯವರು ಹೊರಟ ಮೊದಲ ಅರ್ಧ ಗಂಟೆಯಲ್ಲೇ. ಆ ಅರ್ಧ ಗಂಟೆಯನ್ನು ದಾಟಿಸಿದರೆ ಮರಿ ನಿದ್ದೆ ಹೋಗುತ್ತದೆ. ದಿನಕ್ಕೆ 18 ಗಂಟೆ ಮಲಗುವ ಪ್ರಾಣಿಗೆ ಒಂಟಿಯಾಗಿ ಮಾಡಬೇಕಾದ ಕೆಲಸ ಅದೊಂದೇ ತಾನೆ.

ಬಾಗಿಲು ಹಾಕಿದೊಡನೆ ಒಂದೆರಡು ಸಲ ಕುಂಯ್‌ಗುಟ್ಟಿದರೆ ಕಾಯಿರಿ. ಸದ್ದು ನಿಂತ ಗಳಿಗೆ ನೋಡಿ ತೆಗೆಯಿರಿ. ಕೂಗಿದಾಗಲೇ ತೆಗೆದರೆ ಕೂಗಿದರೆ ಬಾಗಿಲು ತೆಗೆಯುತ್ತದೆಂದು ಕಲಿಯುತ್ತದೆ. ಆದರೆ ಊಳಿಟ್ಟು, ಬಾಗಿಲು ಕೆರೆದು, ಜೊಲ್ಲು ಸುರಿಸಿ ನಡುಗುತ್ತಿದ್ದರೆ ಅದು ಹಟವಲ್ಲ, ಭಯ. ಆಗ ತೆಗೆಯಿರಿ, ನಾಳೆ ಹೊತ್ತನ್ನು ಅರ್ಧಕ್ಕೆ ಇಳಿಸಿ. ಸಸಿಮಡಿಯ ಗಿಡವನ್ನು ನೆರಳಿನಿಂದ ಒಮ್ಮೆಗೇ ಬಿಸಿಲಿಗೆ ತಂದರೆ ಏನಾಗುತ್ತದೆಂದು ಬಲ್ಲ ನಮ್ಮ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮರಿ ನಮ್ಮನ್ನು ನೋಡುವಷ್ಟು ಸೂಕ್ಷ್ಮವಾಗಿ ನಾವು ಮರಿಯನ್ನು ನೋಡುವುದಿಲ್ಲ. ಇಸ್ತ್ರಿಯ ಅಂಗಿ, ಜೀಪಿನ ಕೀಲಿಯ ಸದ್ದು, ಕೊಡೆ, ಅಮ್ಮನವರ ಕೈಚೀಲ ಇವು ಕಂಡೊಡನೆ ಅದರ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಆದುದರಿಂದ ದಿನಕ್ಕೆ ಮೂರು ನಾಲ್ಕು ಸಲ ಕೀಲಿ ಕೈಯಲ್ಲಿ ಹಿಡಿದು ಅಡಿಗೆಮನೆಗೆ ಹೋಗಿ ಬನ್ನಿ, ಕೊಡೆ ಹಿಡಿದು ಜಗಲಿಯಲ್ಲಿ ಕೂತು ಪತ್ರಿಕೆ ಓದಿ. ನೋಡಿದವರು ಏನಾದರೂ ಅಂದುಕೊಳ್ಳಲಿ. ನಾಲ್ಕು ದಿನದಲ್ಲಿ ಕೀಲಿಗೂ ಒಂಟಿತನಕ್ಕೂ ಇರುವ ಗಂಟು ಬಿಚ್ಚಿಕೊಳ್ಳುತ್ತದೆ.

ಹೊರಡುವಾಗ ಮರಿಗೆ ಬಾಯಿಗೊಂದು ಕೆಲಸ ಕೊಟ್ಟು ಹೊರಡುವುದು ಬಹಳ ಒಳ್ಳೆಯ ಉಪಾಯ. ಪೇಟೆಯಲ್ಲಿ ಇದಕ್ಕೆಂದೇ ರಬ್ಬರಿನ ಸಾಮಾನು ಮಾರುತ್ತಾರೆ, ನೂರಾರು ರೂಪಾಯಿ. ನಮ್ಮ ಮನೆಯಲ್ಲಿ ಚೆನ್ನಾಗಿ ಕೆರೆದ ಅರ್ಧ ತೆಂಗಿನ ಕರಟಕ್ಕೆ ಮೊಸರನ್ನವನ್ನು ಅಮುಕಿ ಮೆತ್ತಿ ಕೊಡುತ್ತೇವೆ. ನೆಕ್ಕಿ ಮುಗಿಸಲು ಮರಿಗೆ ಕಾಲು ಗಂಟೆಗಿಂತ ಹೆಚ್ಚು ಬೇಕು. ನೆಕ್ಕಿ ನೆಕ್ಕಿ ಅದರ ಕಣ್ಣೇ ಎಳೆಯುತ್ತದೆ. ಮೊದಲು ಎದುರಿಗೆ ಕೂತು ಕೊಟ್ಟು ನೋಡಿ. ಕರಟವನ್ನು ಒಡೆದು ನುಂಗುವ ಹಲ್ಲು ಬಂದ ಮೇಲೆ ಇದನ್ನು ಬಿಟ್ಟು, ಅಕ್ಕಿ ರೊಟ್ಟಿಯ ಚೂರುಗಳನ್ನು ಹಳೆಯ ಗೋಣಿಯ ಮಡಿಕೆಗಳಲ್ಲಿ ಅಡಗಿಸಿಡಬಹುದು. ಈ ತಿಂಡಿ ನಾವು ಹೊರಡುವಾಗ ಮಾತ್ರ ಸಿಗುವಂಥದಾಗಿರಲಿ.

ತಿರುಗಿ ಬಂದಾಗ ಚಪ್ಪಲಿ ಚೂರಾಗಿರುವುದನ್ನು ಕಂಡು ಮರಿಯ ಮೂಗನ್ನು ಅದಕ್ಕೆ ತಿಕ್ಕಿ ಹೊಡೆಯುವ ಪದ್ಧತಿ ಇನ್ನೂ ಇದೆ. "ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ" ಎನ್ನುತ್ತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಅಮೆರಿಕದ ಸಂಶೋಧಕಿ 2009ರಲ್ಲಿ ಈ ಮುಖವನ್ನೇ ಪರೀಕ್ಷಿಸಿದರು. ನಾಯಿ ತಿಂಡಿ ತಿನ್ನದಿದ್ದರೂ ತಿಂದಿದೆಯೆಂದು ಕೆಲವು ಯಜಮಾನರಿಗೆ ಸುಳ್ಳು ಹೇಳಿದರು. ಬೈಸಿಕೊಂಡ ನಾಯಿಗಳೆಲ್ಲ, ತಪ್ಪೇ ಮಾಡದವೂ ಸೇರಿ, ಆ ತಪ್ಪಿತಸ್ಥ ಮುಖವನ್ನೇ ತೋರಿಸಿದವು. ಅಂದರೆ ಅದು ನಮ್ಮ ಕೋಪ ಕಂಡ ಮುಖ, ಚಪ್ಪಲಿಯ ನೆನಪಿನ ಮುಖವಲ್ಲ. ಒಂಟಿಯಾಗಿ ಹೆದರಿದ ಮರಿಗೆ ಇನ್ನು ಮೇಲೆ ಯಜಮಾನರು ಬರುವುದೂ ಒಂದು ಹೆದರಿಕೆಯಾಗುತ್ತದೆ. ಚಪ್ಪಲಿಯನ್ನು ಎತ್ತಿಡುವುದು ಸುಲಭ.

ಎತ್ತಿಡಬೇಕಾದ್ದು ಚಪ್ಪಲಿ ಮಾತ್ರವಲ್ಲ. ತೋಟದ ಮನೆಯಲ್ಲಿ ಒಂಟಿ ಮರಿಯ ಬಾಯಿಗೆ ಸಿಗಬಾರದ ವಸ್ತುಗಳು ಪೇಟೆಯ ಮನೆಗಿಂತ ಹೆಚ್ಚು. ಮೈಲುತುತ್ತ, ಕೀಟನಾಶಕದ ಡಬ್ಬಿ, ಇಲಿಪಾಷಾಣ ಇವು ಎಲ್ಲರಿಗೂ ತಿಳಿದವು. ಕಾಫಿ ಬೀಜ, ಪುಡಿ, ಸೋಸಿದ ಚರಟ ಕೂಡ ನಾಯಿಗೆ ವಿಷವೆಂಬುದು ಕಾಫಿ ಬೆಳೆಯುವ ನಮ್ಮಲ್ಲಿ ಅನೇಕರಿಗೆ ತಿಳಿಯದು. ಕೆಫೀನು ಚಿಕ್ಕ ಮರಿಯ ಎದೆಬಡಿತವನ್ನು ಏರಿಸಿ ಸೆಳವು ತರಬಲ್ಲದು. ಅಡಿಕೆಯ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸತ್ವವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿಯೇ ಕೊಡುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಕಳೆದ ಶತಮಾನದಲ್ಲಿ ಕುರಿಮಂದೆಯ ನಾಯಿಗಳಿಗೆ ಅದನ್ನು ಕುಡಿಸಿ, ಭೇದಿ ಮಾಡಿಸಿ ಹುಳುವಿನ ಪರೀಕ್ಷೆ ನಡೆಸುತ್ತಿದ್ದರು. ನಮ್ಮ ಬೆಳೆಗೆ ಹೀಗೂ ಒಂದು ಉಪಯೋಗವಿತ್ತು. ಆದರೆ ಅಳತೆಯಿಲ್ಲದೆ ಅಗಿದ ಮರಿಗೆ ಜೊಲ್ಲು, ವಾಂತಿ, ಭೇದಿ ತಪ್ಪದು. ಅಡಿಕೆ ರಾಶಿಯ ಕೋಣೆಯಲ್ಲಿ ಮರಿಯನ್ನು ಕೂಡಿಹಾಕಿ ಹೋಗುವುದು ಬೇಡ.

ಎಷ್ಟು ಹೊತ್ತು, ಯಾರ ಜೊತೆ

ಮೂರು ತಿಂಗಳೊಳಗಿನ ಮರಿಯನ್ನು ಹಗಲು ಎರಡು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡತಕ್ಕದ್ದಲ್ಲ. ಆರು ತಿಂಗಳವರೆಗೆ ಮೂರು ನಾಲ್ಕು ಗಂಟೆ. ಬೆಳೆದ ನಾಯಿಗೂ ಐದಾರು ಗಂಟೆಗಿಂತ ಮೇಲೆ ನ್ಯಾಯವಲ್ಲ. ಹಾಗಾದರೆ ತೀರ್ಥಹಳ್ಳಿಗೋ ಚಿಕ್ಕಮಗಳೂರಿಗೋ ಮದುವೆಗೆ ಹೋಗುವವರು ಏನು ಮಾಡಬೇಕು?

ಲೈನ್ ಮನೆಯವರಿಗೆ "ಒಂದು ಹಿಡಿ ಅನ್ನ ಹಾಕಿ" ಎಂದು ಹೇಳಿ ಹೋಗುವುದು ಸಾಮಾನ್ಯ. ಅನ್ನ ಸಿಗುತ್ತದೆ, ಜೊತೆ ಸಿಗುವುದಿಲ್ಲ. ಅವರಿಗೆ ಅವರ ಕೆಲಸವಿರುತ್ತದೆ. ಸಂಬಳವಿಲ್ಲದ ಕೆಲಸವನ್ನು ಅವರ ಮೇಲೆ ಹೊರಿಸುವುದೂ ಸಲ್ಲದು. ನಾವು ಸೂಚಿಸುವುದೇನೆಂದರೆ, ನಾಟಿಗೆ, ಕೊಯ್ಲಿಗೆ ನಮ್ಮ ಹಿರಿಯರು ಮಾಡುತ್ತಿದ್ದ ಮುಯ್ಯಾಳಿನ ಪದ್ಧತಿಯನ್ನೇ ನಾಯಿಗೂ ಮಾಡಿಕೊಳ್ಳಬಹುದು. ಹತ್ತಿರದ ಎರಡು ಮೂರು ಮನೆಯವರು ಮಾತಾಡಿಕೊಂಡು, ಮರಿ ಚಿಕ್ಕದಿರುವಾಗಲೇ ವಾರಕ್ಕೊಮ್ಮೆ ಅದನ್ನು ಆ ಮನೆಗೆ ಕರೆದೊಯ್ದು ಒಂದು ಹೊತ್ತು ಬಿಟ್ಟು ಬರುವುದು. ಆ ಮನೆಯ ವಾಸನೆ, ಆ ಮನೆಯ ಜನ ಮರಿಗೆ ಪರಿಚಯವಾದರೆ, ನೀವು ನಾಲ್ಕು ದಿನ ಬೆಂಗಳೂರಿಗೆ ಹೋದಾಗ ಅದು ಅಲ್ಲಿ ಹೊಟ್ಟೆತುಂಬ ಉಂಡು ಮಲಗುತ್ತದೆ. ಅವರು ಹೋದಾಗ ಅವರ ನಾಯಿ ನಿಮ್ಮಲ್ಲಿ. ಹೀಗೆ ಕರೆದೊಯ್ಯುವ ಮನೆಯ ನಾಯಿಗಳಿಗೆ ಲಸಿಕೆ ಆಗಿರಬೇಕು, ನಿಮ್ಮ ಮರಿಗೂ ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಆಗಿರಬೇಕು. ಪಾರ್ವೋ ಕಾಯಿಲೆ ಬಂದರೆ ಚಿಕ್ಕ ಮರಿ ಉಳಿಯುವುದು ಕಷ್ಟ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಇದನ್ನು ಮರೆಯುವಂತೆಯೇ ಇಲ್ಲ.

ವರ್ಷದಲ್ಲಿ ಆರು ತಿಂಗಳು ಮಕ್ಕಳ ಮನೆಯಲ್ಲಿಯೇ ಇರುವ ದಂಪತಿಗಳು ಮರಿ ತರದಿರುವುದೇ ಒಳ್ಳೆಯದು. ಕೇಳಲು ಕಟುವಾದರೂ ಹೇಳಲೇಬೇಕಾದ ಮಾತು. ಮಕ್ಕಳು ತಂದುಕೊಟ್ಟರೂ ಬೇಡವೆನ್ನಿ. ಕ್ಯಾಮರಾ ಹಾಕಿಸಿ ಬೆಂಗಳೂರಿನಿಂದ ಮೊಬೈಲಿನಲ್ಲಿ ನಾಯಿಯನ್ನು ನೋಡುತ್ತೇವೆ ಎನ್ನುವವರೂ ಇದ್ದಾರೆ. ನೀವು ಅದನ್ನು ನೋಡಬಹುದು, ಅದು ನಿಮ್ಮನ್ನು ನೋಡುವುದು ಹೇಗೆ?

ರಾತ್ರಿಯ ಮಾತು ಮತ್ತೊಂದು. ಎಷ್ಟೇ ಬೆಳೆದಿರಲಿ, ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಬೇಡಿ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅವು ತಿಂದ ಆಹಾರದ ತೂಕದಲ್ಲಿ ಶೇಕಡ 39 ಭಾಗ ಸಾಕುನಾಯಿ, ಬೀದಿನಾಯಿಗಳದ್ದೇ. ನಮ್ಮ ಕಾಡಂಚಿನ ತೋಟಗಳು ಅದಕ್ಕಿಂತ ನಿರಪಾಯವೆಂದು ತಿಳಿಯಲು ಕಾರಣವಿಲ್ಲ. ಕಟ್ಟಿದ ನಾಯಿ ಓಡಲಾರದು. ಒಂಟಿಯಾಗಿ ಊಳಿಡುವ ಮರಿ ತಾನಿರುವ ಜಾಗವನ್ನು ತಾನೇ ಕೂಗಿ ಹೇಳಿದಂತೆ. ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಲು ಕಲಿತ ನಾಯಿ ಅಲ್ಲಿಂದಲೇ ಬೊಗಳಿ ಎಚ್ಚರಿಸುತ್ತದೆ. ಕಾವಲಿಗೆ ಅಷ್ಟು ಸಾಕು. ಇಡೀ ರಾತ್ರಿ ಭಯದಿಂದ ಬೊಗಳುವ ನಾಯಿಯ ಕೂಗಿಗೆ ಮನೆಯವರು ಎದ್ದು ನೋಡುವುದನ್ನೇ ಬಿಟ್ಟಿರುತ್ತಾರೆ.

ಕೊನೆಗೆ ಹೂಮಳೆಯ ವಿಚಾರ. ಕೊಯ್ಲಿನ ಕಾಲದಲ್ಲಿ ಹುಟ್ಟಿದ ಮರಿ ಗುಡುಗು ಕೇಳಿರುವುದಿಲ್ಲ. ಮಾರ್ಚಿಯಲ್ಲೋ ಏಪ್ರಿಲ್‌ನಲ್ಲೋ ನಾವೆಲ್ಲ ಮೋಡ ನೋಡುತ್ತ ಕಾಯುವ ಮಳೆ ಒಂದು ಸಂಜೆ ಗುಡುಗು ಸಿಡಿಲಿನೊಂದಿಗೇ ಬರುತ್ತದೆ. ಆ ಹೊತ್ತು ಮರಿ ಒಂಟಿಯಾಗಿದ್ದರೆ ಎರಡು ತಿಂಗಳ ಪಾಠ ಒಂದು ಗಂಟೆಯಲ್ಲಿ ಅಳಿಸಿಹೋಗಬಹುದು. ಮಧ್ಯಾಹ್ನ ಸೆಕೆ ಏರಿ, ಪಶ್ಚಿಮದಲ್ಲಿ ಮೋಡ ಕಟ್ಟಿದ ದಿನ ಮನೆಯಲ್ಲಿ ಒಬ್ಬರಾದರೂ ಇರಿ. ಕಿಟಕಿ ಹಾಕಿ, ಮರಿಯನ್ನು ಅದರ ಕೋಣೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಮೊದಲ ಗುಡುಗಿಗೆ ಮೊಸರನ್ನದ ಕರಟವನ್ನು ಮುಂದಿಡಿ. ಮಳೆಯನ್ನು ಎಷ್ಟು ಸೆಂಟ್ಸ್ ಬಂತೆಂದು ಅಳೆಯುವುದು ಅರ್ಧ ಗಂಟೆ ತಡವಾದರೂ ನಡೆಯುತ್ತದೆ. ಮಾಪಕದ ನೀರು ಎಲ್ಲಿಗೂ ಹೋಗುವುದಿಲ್ಲ.